ನಾಣ್ಯ ಬಿದ್ದ ಕಡೆ

ಜನವರಿ 6, ಸೋಮವಾರ

ಹೊಸ ವಿಷಯ ಬಂತು, ಬಂದದ್ದೂ ನಮ್ಮ ಮನೆ ಬಾಗಿಲಿಗೇ ಬಂತು. ಶಾಲೆ ಬಿಟ್ಟ ಮೇಲೆ ಚರ್ಚಾ ತಂಡದವರೆಲ್ಲ ಮಿಸ್ ಪ್ರೂಯಿಟ್ ಅವರ ಕೋಣೆಯಲ್ಲಿ ಸೇರಿದ್ದೆವು. ಅವರು ನಮಗೆ ಇತಿಹಾಸದ ಟೀಚರೂ ಹೌದು, ತಂಡದ ಕೋಚೂ ಹೌದು. ಬೋರ್ಡಿನ ಮೇಲೆ ಬರೆದರು: “ಶಿಕ್ಷೆ ಮುಗಿಸಿ ಹೊರಬಂದವರಿಗೆ ಮತದಾನದ ಹಕ್ಕು ತಾನಾಗಿಯೇ ಮರಳಬೇಕು.” ಮಾರ್ಚ್ ತಿಂಗಳ ರಾಜ್ಯ ಫೈನಲ್‌ವರೆಗೂ ಇದೇ ವಿಷಯ. ಹೋದ ಬಾರಿ ಸಮುದ್ರದ ತಳದ ಗಣಿಗಾರಿಕೆ ಅಂತ ಕೊಟ್ಟಿದ್ದರು. ನಮ್ಮ ಊರಲ್ಲಿ ಅರ್ಧ ಜನ ಸಮುದ್ರವನ್ನೇ ನೋಡಿಲ್ಲ.

ಈ ದೇಶದ ಬಗ್ಗೆ ನನ್ನ ಹತ್ತಿರ ಅಭಿಪ್ರಾಯಗಳಿಗೇನೂ ಬರವಿಲ್ಲ. ಕಡಿಮೆ ವೋಟು ಬಿದ್ದವನೂ ಅಧ್ಯಕ್ಷನಾಗಬಹುದಾದ ದೇಶ ಇದು. ಗುಂಡು ಹಾರಿದರೆ ಬೆಂಚಿನ ಕೆಳಗೆ ಹೇಗೆ ಅಡಗಬೇಕು ಅಂತ ಪುಟ್ಟ ಮಕ್ಕಳಿಗೆ ಕಲಿಸುತ್ತೇವೆ, ಬಂದೂಕಿನ ಅಂಗಡಿ ಮಾತ್ರ ಭಾನುವಾರವೂ ತೆರೆದಿರುತ್ತದೆ. ನಮ್ಮ ಶಾಲೆಯ ಕಾರಿಡಾರಿನಲ್ಲಿ ಪೊಲೀಸ್ ಇದ್ದಾನೆ, ನರ್ಸ್ ಇಲ್ಲ. ಇವುಗಳ ಬಗ್ಗೆ ಯಾರಾದರೂ ಬಾಯಿ ಬಿಟ್ಟರೆ ಸಾಕು ಅಂತ ಕಾಯುತ್ತಿರುತ್ತೇನೆ. ಆದರೆ ಇದು ಬೇರೆ, ಇದು ಅಪ್ಪನ ವಿಷಯ.

ಅಪ್ಪ ಒಂಬತ್ತು ವರ್ಷ ಜೈಲಿನಲ್ಲಿದ್ದರು. ಅವರ ಚಿಕ್ಕಪ್ಪನ ಮಗ ಬಂದೂಕು ಹಿಡಿದು ಅಂಗಡಿಗೆ ನುಗ್ಗಿದಾಗ ಇವರು ಹೊರಗೆ ಕಾರಿನಲ್ಲಿ ಕೂತಿದ್ದರು. ಬಿಡುಗಡೆಯಾಗಿ ನಾಲ್ಕು ವರ್ಷವಾಯಿತು. ನಮ್ಮ ವರ್ಜೀನಿಯಾ ರಾಜ್ಯದಲ್ಲಿ ಹಾಗೆ ಹೋಗಿ ಬಂದವರಿಗೆ ಮತ ತಾನಾಗಿ ವಾಪಸು ಬರುವುದಿಲ್ಲ. ಗವರ್ನರಿಗೆ ಅರ್ಜಿ ಹಾಕಿ ಕೇಳಬೇಕು, ಅವರು ಕೊಟ್ಟರೆ ಉಂಟು. ಅಪ್ಪ ಕೇಳಿಲ್ಲ. ವಿಷಯದ ಪರವಾಗಿ ನನ್ನ ವಾದ ಈಗಲೇ ಅರ್ಧ ತಯಾರಾಗಿದೆ.

“ವಿರೋಧಾನೂ ತಯಾರು ಮಾಡ್ಕೋ ಡೆಸ್ಸಾ,” ಅಂದರು ಮಿಸ್ ಪ್ರೂಯಿಟ್. “ನಿಂಗೇನ್ ಅನ್ಸುತ್ತೆ ಅಂತ ಇಲ್ಲಿ ಯಾರೂ ಕೇಳಲ್ಲ. ನಾಣ್ಯ ಯಾವ್ ಕಡೆ ಬೀಳುತ್ತೋ ಅದೇ ನಿನ್ನ ಕಡೆ.”

ನನಗೆ ಗೊತ್ತಿಲ್ಲದ್ದೇನಲ್ಲ. ಬೆಳಿಗ್ಗೆ ಪರವಾಗಿ ಮಾತಾಡಿ ಗೆದ್ದು, ಮಧ್ಯಾಹ್ನ ಅದೇ ಬಟ್ಟೆಯಲ್ಲಿ ವಿರೋಧವಾಗಿ ಮಾತಾಡಿ ಗೆದ್ದವಳು ನಾನು.

ಜನವರಿ 12, ಭಾನುವಾರ

ಚರ್ಚ್ ಮುಗಿಸಿ ಬಂದು ಊಟವಾದ ಮೇಲೆ ಅಪ್ಪನನ್ನು ಅಡುಗೆಮನೆಯಲ್ಲಿ ಜಡ್ಜ್ ಮಾಡಿ ಕೂರಿಸಿದೆ. ಅಪ್ಪ ಕೆಲಸ ಮಾಡುವುದು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ, ಭಾನುವಾರ ಒಂದೇ ರಜ. ಆದರೂ ಟೈ ಬಿಚ್ಚದೆ, ಬೆನ್ನು ನೆಟ್ಟಗೆ ಮಾಡಿ ಕೂತರು. ವರ್ನೆಲ್ ಅತ್ತೆ ಸಿಂಕಿನ ಹತ್ತಿರ ನಿಂತು ಗೊಣಗುತ್ತಿದ್ದರು. ಅತ್ತೆ ಅಪ್ಪನ ಅಕ್ಕ. ಅಪ್ಪ ಒಳಗೆ, ಅಮ್ಮ ಅಟ್ಲಾಂಟಾದಲ್ಲಿ ಬೇರೆ ಸಂಸಾರದೊಳಗೆ ಇದ್ದಾಗ ನನ್ನನ್ನು ಸಾಕಿದವರು ಅವರೇ.

“ಏನೇ ವಕೀಲಮ್ಮ, ಪಾತ್ರೆ ತೊಳೆಯೋದಕ್ಕೆ ನೀನು ಪರಾನೋ ವಿರೋಧಾನೋ?”

“ತೀರ್ಪು ಬರೋವರ್ಗೂ ಸುಮ್ನಿರ್ಬೇಕು ಅತ್ತೆ.”

“ನಿನ್ ತೀರ್ಪು ಬರೋ ಹೊತ್ಗೆ ನನ್ ಬಾಣಲೆ ತುಕ್ಕು ಹಿಡಿದಿರುತ್ತೆ.”

ನಾನು ಮಾತಾಡಿದೆ. ತೆರಿಗೆ ಕಟ್ಟುವವನಿಗೆ ಮತ ಯಾಕಿಲ್ಲ, ಶಿಕ್ಷೆ ಮುಗಿಯಿತು ಅಂದ ಮೇಲೆ ಮುಗಿಯಬೇಕಲ್ಲವೇ, ಇಂಥ ಕಾನೂನುಗಳು ಬೆಳೆದದ್ದೇ ನಮ್ಮಂಥ ಕಪ್ಪು ಜನರನ್ನು ಮತಗಟ್ಟೆಯಿಂದ ದೂರ ಇಡಲು, ಅಂತೆಲ್ಲ. ಅಪ್ಪ ಅಲುಗಾಡಲಿಲ್ಲ. ಮುಗಿದ ಮೇಲೂ ಮೇಜನ್ನೇ ನೋಡುತ್ತಿದ್ದರು.

“ಅಪ್ಪ, ಜಡ್ಜ್ ಏನಾದ್ರೂ ಹೇಳ್ಬೇಕು.”

“ಇದನ್ನೆಲ್ಲ ನೀನು ನಂಬ್ತೀಯಾ ಮಗಳೇ?”

“ನಂಬ್ದೆ ಮತ್ತೆ? ಒಂದೊಂದ್ ಅಕ್ಷರಾನೂ.”

“ಹಾಗಾದ್ರೆ ನೀನೇ ಗೆದ್ದೆ.”

ಅತ್ತೆ ಕಸ ಹಾಕಲು ಹೊರಗೆ ಹೋದಾಗ ಕೇಳಿದೆ, ಇಷ್ಟು ದಿನ ಅರ್ಜಿ ಯಾಕೆ ಹಾಕಿಲ್ಲ ಅಂತ. ಅಪ್ಪ ಮೊದಲು ನಕ್ಕು ತಳ್ಳಿಹಾಕಿದರು. ಆಮೇಲೆ ಹೇಳಿದರು.

“ಒಳಗಿದ್ದಾಗ ಎಲ್ಲದಕ್ಕೂ ಕೇಳ್ಬೇಕಿತ್ತು. ಸೋಪಿಗೆ ಕೇಳ್ಬೇಕು. ಫೋನಿಗೆ ಕೇಳ್ಬೇಕು. ನಮ್ಮಮ್ಮ ತೀರ್ಕೊಂಡಾಗ ಮಣ್ಣಿಗೆ ಹೋಗ್ಬರ್ತೀನಿ ಅಂತ ಕೇಳ್ದೆ, ಆಗಲ್ಲ ಅಂದ್ರು. ಆವತ್ತೇ ಅಂದ್ಕೊಂಡೆ, ಹೊರಗೆ ಹೋದ್ಮೇಲೆ ಇನ್ಯಾರ್ ಹತ್ರಾನೂ ಏನೂ ಕೇಳಲ್ಲ ಅಂತ. ಇದನ್ನ ನಿಮ್ಮತ್ತೆಗೂ ಹೇಳಿಲ್ಲ.”

ಅಜ್ಜಿಯ ಮಣ್ಣಿನ ದಿನ ಅಪ್ಪ ಬರಲಿಲ್ಲವೆಂದು ನಾನು ಅತ್ತೆಯ ಮಡಿಲಲ್ಲಿ ಕೂತು ಕಾಲು ಬಡಿದು ಅತ್ತಿದ್ದೆ. ಅಪ್ಪನಿಗೆ ಅದನ್ನು ಹೇಳಲಿಲ್ಲ. ಆಮೇಲೆ ಅವರೇ, “ಆದ್ರೂ ನೀನ್ ಹೇಳಿದ್ ಕೇಳಿದ್ರೆ, ಇದೊಂದ್ ಸಲ ಕೇಳ್ಬಹುದೇನೋ ಅನ್ಸುತ್ತೆ” ಅಂದರು.

ನನ್ನ ಮಾತಿನಿಂದ ಒಬ್ಬ ಮನುಷ್ಯನ ಮನಸ್ಸು ನಿಜವಾಗಿ ಬದಲಾಗಿದ್ದು ಇದೇ ಮೊದಲು. ಇದರ ಮುಂದೆ ನನ್ನ ಟ್ರೋಫಿಗಳೆಲ್ಲ ತಗಡು.

ಜನವರಿ 25, ಶನಿವಾರ

ಅಪ್ಪ ಪೂರ್ತಿ ಕೆಟ್ಟಿದ್ದಾರೆ. ಟಿವಿಯಲ್ಲಿ ಸುದ್ದಿ ಬಂದರೆ ರಿಮೋಟ್ ಹಿಡಿದು ಬೈಯುತ್ತಾರೆ. ನಮ್ಮ ಊರಿನ ಕೌನ್ಸಿಲ್ ಸದಸ್ಯರ ಹೆಸರೆಲ್ಲ ನನ್ನಿಂದ ಹೇಳಿಸಿಕೊಂಡರು. ಬಸ್ ಮಾರ್ಗ ನಿಲ್ಲಿಸಿದವನು ಯಾರು, ಲಾಂಡ್ರಿ ಬೀದಿಗೆ ದೀಪ ಹಾಕಿಸದವನು ಯಾರು, ಎಲ್ಲರಿಗೂ ಒಂದೊಂದು ಅಡ್ಡಹೆಸರು ಇಟ್ಟಾಗಿದೆ.

ನವೆಂಬರಿನಲ್ಲಿ ಗವರ್ನರ್ ಚುನಾವಣೆ. ಅಷ್ಟು ಹೊತ್ತಿಗೆ ನನಗೆ ಹದಿನೆಂಟು ತುಂಬಿರುತ್ತದೆ. ಜೈಲಿಗೆ ಹೋಗುವ ಮೊದಲು ಅಪ್ಪ ಒಂದು ಸಲವೂ ಮತ ಹಾಕಿದವರಲ್ಲ, ಆಗ ಅದೆಲ್ಲ ಮುದುಕರ ಕೆಲಸ ಅಂದುಕೊಂಡಿದ್ದರಂತೆ. ಹಾಗಾಗಿ ಇಬ್ಬರಿಗೂ ಅದೇ ಮೊದಲ ಮತ. ಒಟ್ಟಿಗೇ ಹೋಗಿ ಹಾಕೋಣ ಅಂತ ಮಾತಾಗಿದೆ. “ಸಾಲಿನಲ್ಲಿ ನಾನು ಮುಂದೆ,” ಅಂದರು ಅಪ್ಪ. “ಹಿರಿಯರಿಗೆ ಮರ್ಯಾದೆ.”

ಫೆಬ್ರವರಿ 8, ಶನಿವಾರ

ಜಿಲ್ಲಾ ಮಟ್ಟದ ಸುತ್ತು. ಪರ ಎರಡೂ ಗೆದ್ದೆ. ವಿರೋಧದಲ್ಲಿ ಒಂದು ಗೆದ್ದೆ, ಒಂದು ಸೋತೆ. ಸೋತದ್ದಕ್ಕೆ ತೀರ್ಪುಗಾರರು ಕಾರಣ ಬರೆದಿದ್ದರು: ವಾದ ಚೆನ್ನಾಗಿದೆ, ಆದರೆ ಒಣ ಸಿದ್ಧಾಂತ, ಅದರಲ್ಲಿ ಮನುಷ್ಯರೇ ಇಲ್ಲ.

ವ್ಯಾನಿನಲ್ಲಿ ವಾಪಸು ಬರುವಾಗ ಮಿಸ್ ಪ್ರೂಯಿಟ್ ಕೂಡ ಅದನ್ನೇ ಹೇಳಿದರು. “ಒಬ್ಬ ಮನುಷ್ಯನ್ನ ತಂದು ನಿಲ್ಲಿಸು. ಜಡ್ಜ್‌ಗಳಿಗೆ ಅಂಕಿ ಅಂಶ ಮರೆತೋಗುತ್ತೆ, ಮನುಷ್ಯ ಮರೆಯಲ್ಲ.”

ಸೋಲು ನನಗೆ ಹಿಡಿಸುವುದಿಲ್ಲ. ರಾತ್ರಿ ಊಟ ಸೇರಲಿಲ್ಲ.

ಫೆಬ್ರವರಿ 23, ಭಾನುವಾರ

ವಿರೋಧ ವಾದ ಈಗ ಗಟ್ಟಿಯಾಯಿತು. ಬಾಗಿಲು ಮುಚ್ಚಿಲ್ಲ, ತಟ್ಟಿದರೆ ಸಾಕು, ಎಂಬುದು ತಿರುಳು. ತಟ್ಟದವನಿಗೆ ಒಳಗೆ ಬರುವ ಮನಸ್ಸಿಲ್ಲ ಅಂತ ತೋರಿಸಬೇಕು. ಅದಕ್ಕೆ ಒಬ್ಬ ಮನುಷ್ಯ ಸಿಕ್ಕಿದ್ದಾನೆ. ಹೆಸರಿಲ್ಲ, ಊರಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಶಾಲೆಯಲ್ಲಿ ಹೇಳಿ ತೋರಿಸಿದಾಗ ನಮ್ಮ ತಂಡದ ಕಾಲ್ಡರ್, ಯಾರನ್ನೂ ಹೊಗಳದ ಕಾಲ್ಡರ್, “ಕೊಂದ್ಬಿಟ್ಟೆ ಕಣೇ” ಅಂದ.

ಇದನ್ನು ಮನೆಯಲ್ಲಿ ಅಭ್ಯಾಸ ಮಾಡುವುದಿಲ್ಲ. ಅಪ್ಪನಿಗೆ ಪರ ವಾದವೇ ಇಷ್ಟ, ಅದನ್ನೇ ಮತ್ತೆ ಮತ್ತೆ ಹೇಳಿಸುತ್ತಾರೆ. ಅವರ ಅರ್ಜಿಯೂ ತುಂಬಿಸಿ ಆಗಿದೆ. ಕಳಿಸಿಬಿಡೋಣ ಅಂದರೆ, “ನೀನು ಫೈನಲ್ ಗೆದ್ದು ಬಾ, ಆಮೇಲೆ ನೀನೇ ಕಳಿಸು. ನಿನ್ ಕೈಗುಣ ಚೆನ್ನಾಗಿದೆ” ಅನ್ನುತ್ತಾರೆ.

ಮಾರ್ಚ್ 8, ಶನಿವಾರ

ರಾಜ್ಯ ಚಾಂಪಿಯನ್! ನಾನು! ಮೂರಕ್ಕೆ ಮೂರು ತೀರ್ಪು!

ಮೊದಲಿಂದ ಬರೆಯುತ್ತೇನೆ. ಸೆಮಿಫೈನಲ್ ಮುಗಿದಾಗ ಮಧ್ಯಾಹ್ನ. ಫೈನಲ್ ನಡೆದದ್ದು ಕಾಲೇಜಿನ ದೊಡ್ಡ ಸಭಾಂಗಣದಲ್ಲಿ, ಮೆತ್ತನೆ ಕುರ್ಚಿ, ಮೈಕು, ಎಲ್ಲ. ಎದುರಾಳಿ ರಿಚ್ಮಂಡಿನ ಹುಡುಗ, ಬಹಳ ಒಳ್ಳೆಯ ಕೋಟು. ನಾಣ್ಯ ಹಾರಿಸಿದರು, ನಾನು ಗೆದ್ದೆ. ಫೈನಲ್‌ನಲ್ಲಿ ಮಾತ್ರ ಟಾಸ್ ಗೆದ್ದವರಿಗೆ ಪಕ್ಷ ಆರಿಸುವ ಅಧಿಕಾರ. ಮಿಸ್ ಪ್ರೂಯಿಟ್ ಹಿಂದಿನಿಂದ ಬಂದು ಕಿವಿಯಲ್ಲಿ, “ಈ ಮೂರು ಜಡ್ಜೂ ಬೆಳಿಗ್ಗೆಯಿಂದ ವಿರೋಧಕ್ಕೇ ಕೊಡ್ತಿದ್ದಾರೆ” ಅಂದರು. ನಾನು ವಿರೋಧ ತೆಗೆದುಕೊಂಡೆ.

ಆಗಲೇ ಅಪ್ಪ ಬಂದದ್ದು. ಶನಿವಾರ ಅವರಿಗೆ ಪಾಳಿ ಇರುತ್ತದೆ, ಬರುವುದಿಲ್ಲ ಅಂದಿದ್ದರು. ಯಾರ ಜೊತೆಗೋ ಪಾಳಿ ಬದಲಾಯಿಸಿಕೊಂಡು, ಅಷ್ಟು ದೂರ ಕಾರು ಓಡಿಸಿಕೊಂಡು ಬಂದಿದ್ದರು. ಕೊನೆಯ ಸಾಲಿನಿಂದ ಕೈ ಎತ್ತಿ ತೋರಿಸಿದರು. ಅಪ್ಪ ನನ್ನನ್ನು ವೇದಿಕೆಯ ಮೇಲೆ ನೋಡುತ್ತಿರುವುದು ಇದೇ ಮೊದಲು.

ಆ ಹುಡುಗ ಪರವಾಗಿ ಹೇಳಿದ್ದೆಲ್ಲ ನನಗೆ ಬಾಯಿಪಾಠವಿದ್ದ ವಾದವೇ. ಅವನ ಮಾತು ಮುಗಿಯುವ ಮೊದಲೇ ಉತ್ತರ ಸಿದ್ಧವಿತ್ತು. ಕೊನೆಯ ಭಾಷಣದಲ್ಲಿ ಕಾಗದ ಕೆಳಗಿಟ್ಟು, ದನಿ ತಗ್ಗಿಸಿ ಹೇಳಿದೆ. “ನನಗೆ ಒಬ್ಬ ಮನುಷ್ಯ ಗೊತ್ತು. ಬಿಡುಗಡೆಯಾಗಿ ನಾಲ್ಕು ವರ್ಷವಾಯಿತು. ಒಂದು ಅರ್ಜಿ ಹಾಕಿದ್ದರೆ ಸಾಕಿತ್ತು. ಯಾರೂ ತಡೆದಿರಲಿಲ್ಲ. ನಾಲ್ಕು ವರ್ಷದಲ್ಲಿ ಅವನಿಗೆ ಒಂದು ಮಧ್ಯಾಹ್ನ ಸಿಗಲಿಲ್ಲ. ಬೇಕು ಅನ್ನಿಸಿದವನು ಕೇಳುತ್ತಾನೆ. ಕೇಳಲೂ ಮನಸ್ಸಿಲ್ಲದವನ ಕೈಗೆ ನಾವು ಈ ದೇಶವನ್ನು ಯಾಕೆ ಕೊಡಬೇಕು?”

ಮೂರೂ ಜಡ್ಜ್‌ಗಳು ಬರೆಯುವುದು ನಿಲ್ಲಿಸಿ ನನ್ನನ್ನೇ ನೋಡಿದರು. ಆ ಕ್ಷಣ ಗೊತ್ತಾಯಿತು, ಗೆದ್ದೆ ಅಂತ.

ಆಮೇಲೆ ಎಲ್ಲರೂ ಮುತ್ತಿಕೊಂಡರು. ಅಪ್ಪ ಅಂಚಿನಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಮಿಸ್ ಪ್ರೂಯಿಟ್ ಅಪ್ಪನ ಕೈ ಕುಲುಕಿ, “ನಿಮ್ ಮಗಳು ಭಾರಿ ಜಾಣೆ ಸರ್. ಟಾಸ್ ಗೆದ್ದು ವಿರೋಧ ತಗೊಂಡ್ಳು ನೋಡಿ, ಅಲ್ಲೇ ಅರ್ಧ ಗೆದ್ದಾಗಿತ್ತು” ಅಂದರು. ಅಪ್ಪ ಹೌದು ಮೇಡಂ, ಹೌದು ಮೇಡಂ ಅಂದರು.

ಮನೆಗೆ ಅಪ್ಪನ ಕಾರಿನಲ್ಲೇ ಬಂದೆ. ಟ್ರೋಫಿ ತೊಡೆ ಮೇಲಿತ್ತು. ಅಪ್ಪ ಹೆಚ್ಚು ಮಾತಾಡಲಿಲ್ಲ, ದಣಿದಿದ್ದರು. “ಚೆನ್ನಾಗ್ ಮಾತಾಡ್ದೆ” ಅಂದರು. ಆಮೇಲೆ ಎಷ್ಟೋ ದೂರ ಬಂದ ಮೇಲೆ, “ಒಂದೂ ತೊದಲಿಲ್ಲ” ಅಂದರು.

“ಅದು ನನ್ ಅಭಿಪ್ರಾಯ ಅಲ್ಲ ಅಪ್ಪ. ನಾಣ್ಯ ಬಿದ್ದ ಕಡೆ ಮಾತಾಡ್ಬೇಕು, ಅಷ್ಟೇ.”

“ಗೊತ್ತಮ್ಮ,” ಅಂದರು.

ಮಾರ್ಚ್ 9, ಭಾನುವಾರ

ಚರ್ಚಿನಲ್ಲಿ ಪಾಸ್ಟರ್ ನನ್ನ ಹೆಸರು ಹೇಳಿ ಎದ್ದು ನಿಲ್ಲಿಸಿದರು. ಅತ್ತೆ ಸಿಹಿಗೆಣಸಿನ ಪೈ ಮಾಡಿದರು. ಅಪ್ಪನಿಗೆ ತಲೆನೋವು, ಮಲಗಿದ್ದರು.

ಮಾರ್ಚ್ 20, ಗುರುವಾರ

ಅರ್ಜಿ ಕಳಿಸೋಣ ಅಂದೆ. “ಕಳ್ಸೋಣ” ಅಂದರು.

ಮಾರ್ಚ್ 29, ಶನಿವಾರ

ಮತ್ತೆ ಕೇಳಿದೆ. ಲಾಂಡ್ರಿಯಲ್ಲಿ ಕೆಲಸ ಜಾಸ್ತಿಯಂತೆ. ಸುದ್ದಿ ಹಾಕಲೇ ಅಂದರೆ ಬೇಡ ಅಂದರು, ಬಾಸ್ಕೆಟ್‌ಬಾಲ್ ಹಾಕಿಕೊಂಡರು. ಕೌನ್ಸಿಲ್‌ನವನೊಬ್ಬ ಬೀದಿದೀಪದ ಬಗ್ಗೆ ಮತ್ತೆ ಏನೋ ಬೊಗಳಿದ್ದಾನೆ ಅಂತ ಹೇಳಿದೆ, ನಗಲಿ ಅಂತ. “ಅವರವರ ಕೆಲ್ಸ ಅವರಿಗೆ ಬಿಡು” ಅಂದರು.

ಏಪ್ರಿಲ್ 13, ಭಾನುವಾರ

ಇವತ್ತು ಬಿಡಲಿಲ್ಲ. ಅಡುಗೆಮನೆಯಲ್ಲಿ ಅಪ್ಪನ ಎದುರು ನಿಂತು ಪರ ವಾದ ಪೂರ್ತಿ ಹೇಳಿದೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ. ಅಪ್ಪ ತಟ್ಟೆ ಪಕ್ಕಕ್ಕಿಟ್ಟು ಕೇಳಿದರು. ಕೋಪವೇ ಇರಲಿಲ್ಲ ಅವರಿಗೆ. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು.

“ಚೆನ್ನಾಗಿದೆ. ಆದ್ರೆ ಇದಕ್ಕೆ ನೀನೇ ಉತ್ತರ ಹೇಳಿದ್ಯಲ್ಲ ಮಗಳೇ.”

“ಅದು ಆಟ ಅಪ್ಪ!”

“ಆಟಾನೇ ಇರ್ಲಿ. ಹೇಳಿದ್ದು ಸುಳ್ಳಾ? ನಾಲ್ಕು ವರ್ಷ ಕೇಳಿಲ್ಲ ತಾನೇ ನಾನು?”

“ಯಾಕೆ ಕೇಳಿಲ್ಲ ಅಂತ ನಂಗೊತ್ತು.”

“ಹೂಂ. ನಿಂಗೊಬ್ಳಿಗೇ ಗೊತ್ತಿತ್ತು.”

ಎದುರಾಳಿಯ ಮಾತಿಗೆ ತಕ್ಷಣ ಉತ್ತರ ಕೊಡುವುದಕ್ಕೆ ನನಗೆ ಬಹುಮಾನ ಕೊಟ್ಟಿದ್ದಾರೆ, ಅದರ ಮೇಲೆ ನನ್ನ ಹೆಸರು ಕೆತ್ತಿದ್ದಾರೆ. ಅಪ್ಪ ನನ್ನ ತಲೆ ಸವರಿದರು.

“ಬೇಜಾರ್ ಮಾಡ್ಕೋಬೇಡ. ಈ ಅಡುಗೆಮನೇಲಿ ಒಬ್ಬ ಜಡ್ಜು ಪರ ಅಂದ. ಅಲ್ಲಿ ಮೂರು ಜನ ಓದಿದೋರು ವಿರೋಧ ಅಂದ್ರು. ನಂಗೂ ಕೂತು ಕೇಳ್ತಾ ಕೇಳ್ತಾ ಹೌದಲ್ವಾ ಅನ್ಸ್ತು. ನೀನು ಅಷ್ಟ್ ಚೆನ್ನಾಗ್ ಹೇಳ್ದೆ.”

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಏಪ್ರಿಲ್ 14, ಸೋಮವಾರ

ಗಣಿತದ ತರಗತಿಯಲ್ಲಿ ಕೂತಿದ್ದಾಗ ನೆನಪಾಯಿತು. ಟಾಸ್ ಗೆದ್ದು ವಿರೋಧ ಆರಿಸಿಕೊಂಡೆ ಅಂತ ಮಿಸ್ ಪ್ರೂಯಿಟ್ ಅಪ್ಪನಿಗೆ ಹೇಳಿಬಿಟ್ಟಿದ್ದರು. ಅದಾದ ಮೇಲೆ ಕಾರಿನಲ್ಲಿ ನಾನು ನಾಣ್ಯ ಬಿದ್ದ ಕಡೆ ಅಂದದ್ದು. ಅಪ್ಪ ಗೊತ್ತಮ್ಮ ಅಂದದ್ದು.

ಜೂನ್ 15, ಭಾನುವಾರ

ತುಂಬ ದಿನದಿಂದ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ.

ಅಪ್ಪಂದಿರ ದಿನ. ಅಂಗಳದಲ್ಲಿ ಅತ್ತೆ ಮೀನು ಹುರಿದರು. ಅಪ್ಪ ಪಕ್ಕದ ಮನೆಯವರ ಜೊತೆ ಕುದುರೆ ಲಾಳ ಎಸೆಯುವ ಆಟ ಆಡಿದರು, ನಕ್ಕರು. ಅಪ್ಪ ನನ್ನ ಮೇಲೆ ಮುನಿಸಿಕೊಂಡಿಲ್ಲ. ನನ್ನ ಊಟದ ಡಬ್ಬಿಗೆ ಈಗಲೂ ಹಣ್ಣು ಹೆಚ್ಚಿ ಹಾಕುತ್ತಾರೆ. ಆದರೆ ನನಗೆ ಏನೂ ಹೇಳುವುದಿಲ್ಲ. ಬರೀ ಹವಾಮಾನ, ಊಟ, ಕಾರಿನ ಟೈರು.

ಅತ್ತೆ ಎಣ್ಣೆ ಬಾಣಲೆಯ ಮುಂದೆ ನಿಂತು, “ಏನಾಗಿದೆ ನಿಮ್ಮಿಬ್ರಿಗೆ? ಮೊದ್ಲು ಇಬ್ರದೂ ಬಾಯಿ ಮುಚ್ಚಿಸೋಕೆ ಆಗ್ತಿರ್ಲಿಲ್ಲ” ಅಂದರು. ಏನೂ ಇಲ್ಲ ಅಂದೆ. ಅಪ್ಪ ಅತ್ತೆಗೂ ಹೇಳದೆ ನನಗೆ ಹೇಳಿದ್ದನ್ನು ನಾನು ಇಡೀ ಸಭಾಂಗಣದ ಮುಂದೆ ತಿರುಚಿ ಹೇಳಿದೆ ಅಂತ ಅತ್ತೆಗೆ ಹೇಗೆ ಹೇಳಲಿ.

ಸೆಪ್ಟೆಂಬರ್ 9, ಮಂಗಳವಾರ

ಚರ್ಚಾ ತಂಡ ಮತ್ತೆ ಶುರು. ಹೊಸ ವಿಷಯ ಆಸ್ಪತ್ರೆ ಖರ್ಚನ್ನು ಸರ್ಕಾರ ಭರಿಸಬೇಕೇ ಅಂತ. ಹೋದ ವರ್ಷವಾಗಿದ್ದರೆ ನನ್ನನ್ನು ಹಿಡಿಯುವವರಿರುತ್ತಿರಲಿಲ್ಲ. ಅಭ್ಯಾಸಕ್ಕೆ ಎದ್ದು ನಿಂತೆ, ಪರ ವಾದ ಸಿಕ್ಕಿತು, ನಡುವೆ ನಿಲ್ಲಿಸಿಬಿಟ್ಟೆ. ಮೊದಲ ಸಾಲಿನಲ್ಲಿ ಒಂಬತ್ತನೆಯ ತರಗತಿಯ ಹೊಸ ಹುಡುಗಿ ಕೂತಿದ್ದಳು. ಅವಳ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಿದ್ದಾರೋ ಏನೋ ಅನ್ನಿಸಿತು. ಕೇಳಬೇಕು ಅನ್ನಿಸಿತು.

“ಏನಾಯ್ತು ಡೆಸ್ಸಾ? ನಿನ್ನಂಥೋಳಿಗೆ ಮಾತು ಮರೆಯೋದಾ?” ಅಂದರು ಮಿಸ್ ಪ್ರೂಯಿಟ್.

ಮೈ ಸರಿ ಇಲ್ಲ ಅಂದೆ. ಈ ವರ್ಷ ಹೆಸರು ಕೊಡುವುದೋ ಬೇಡವೋ ನೋಡಬೇಕು.

ಅಪ್ಪನ ಅರ್ಜಿ ಹಾಗೆಯೇ ಇದೆ. ಒಂದು ದಿನ ನಾನೇ ಕಳಿಸಿಬಿಡಲೇ ಅನ್ನಿಸಿ ಕೈಗೆ ತೆಗೆದುಕೊಂಡೆ. ಸಹಿ ಮಾಡುವ ಜಾಗ ಖಾಲಿ ಇತ್ತು, ಅಲ್ಲೇ ಇಟ್ಟು ಬಂದೆ. ಇನ್ನು ಕಳಿಸಿದರೂ ನವೆಂಬರಿಗೆ ಆಗುವುದಿಲ್ಲ.

ಅಕ್ಟೋಬರ್ 2, ಗುರುವಾರ

ಹದಿನೆಂಟು. ಅಪ್ಪ ಕೈಗಡಿಯಾರ ಕೊಟ್ಟರು. ಚೆನ್ನಾಗಿದೆ.

ನವೆಂಬರ್ 4, ಮಂಗಳವಾರ

ಮತ ಹಾಕಿದೆ.

ಹೋಗುವುದಿಲ್ಲ ಅಂತ ಇದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಕೆಲಸಕ್ಕೆ ರಜ ಹಾಕಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದಾರೆ. “ಏಳು, ಸಾಲು ದೊಡ್ಡದಾಗುತ್ತೆ” ಅಂದರು. ನೀವು ಬರುವುದು ಬೇಡ ಅಪ್ಪ ಅಂತ ಹೇಳಲು ಬಾಯಿ ಬರಲಿಲ್ಲ. ಬನ್ನಿ ಅನ್ನಲೂ ಬರಲಿಲ್ಲ.

ನಮ್ಮ ಮತಗಟ್ಟೆ ಅಗ್ನಿಶಾಮಕ ಠಾಣೆಯಲ್ಲಿ. ಕೆಂಪು ಗಾಡಿಗಳನ್ನು ಹೊರಗೆ ನಿಲ್ಲಿಸಿದ್ದರು. ಅಪ್ಪ ಕಾರು ನಿಲ್ಲಿಸಿ, ಇಳಿದು, ಬೇಲಿಯ ಹತ್ತಿರ ನಿಂತುಕೊಂಡರು. ನಾನೊಬ್ಬಳೇ ಸಾಲಿಗೆ ಸೇರಿದೆ. ಒಳಗೆ ಹೆಸರು ನೋಡುವ ಅಜ್ಜಿ ನನ್ನ ಹುಟ್ಟಿದ ದಿನ ಓದಿ, “ಮೊದಲ್ನೇ ಸಲ ಮತ ಹಾಕೋ ಹುಡುಗಿ!” ಅಂತ ಕೂಗಿದರು. ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಬಾಗಿಲು ತೆರೆದೇ ಇತ್ತು, ಹೊರಗೂ ಕೇಳಿಸಿರಬೇಕು. ಚೀಟಿಯ ಮೇಲಿನ ಹೆಸರುಗಳು ಕಣ್ಣಿಗೆ ಮಂಜಾಗಿ ಕಂಡವು. ಗುರುತು ಹಾಕಿದೆ. ಯಾರಿಗೆ ಹಾಕಬೇಕು ಅಂತ ನನಗೆ ವರ್ಷದ ಹಿಂದೆಯೇ ಗೊತ್ತಿತ್ತು. ಈಗ ಅದು ಹೌದೋ ಅಲ್ಲವೋ ಅಂತ ಮೂರು ಸಲ ಯೋಚಿಸಿದೆ.

ಹೊರಗೆ ಬಂದಾಗ ಒಬ್ಬ ಹೆಂಗಸು, ಜನರಿಗೆ ಬಿಸಿ ಕಾಫಿ ಕೊಡುತ್ತಿದ್ದವರು, ನನ್ನ ಹಿಂದೆಯೇ ಬಂದರು. “ನಿಂಗೇ ಅಲ್ವಾ ಚಪ್ಪಾಳೆ ಬಿದ್ದಿದ್ದು? ಬಾ ಬಾ, ಒಂದ್ ಫೋಟೊ ತೆಗೀತೀನಿ.” ಆಮೇಲೆ ಬೇಲಿಯ ಹತ್ತಿರ ನಿಂತಿದ್ದ ಅಪ್ಪನನ್ನು ನೋಡಿ ನಗುತ್ತಾ ಕೇಳಿದರು. “ಅವರು ನಿಮ್ ತಂದೆನಾ? ಸರ್, ನೀವೂ ಬನ್ನಿ ಫೋಟೊಗೆ. ನಿಮ್ದು ಮತ ಹಾಕಿದ್ದಾಯ್ತಾ?”

ಅಪ್ಪ ನನ್ನ ಮುಖ ನೋಡಿದರು. ಯಾಕೆ ಹಾಕಿಲ್ಲ ಅಂತ ಆ ಹೆಂಗಸಿಗೆ ನಾನು ಹೇಳಬೇಕಾಗುತ್ತದೋ ಏನೋ ಅಂತ ಅವರಿಗೆ ಹೆದರಿಕೆಯಾದದ್ದು ನನಗೆ ಕಾಣಿಸಿತು. ನನಗೋಸ್ಕರ ಹೆದರಿದರು.

“ಅಯ್ಯೋ ಇಲ್ಲ ಮೇಡಂ,” ಅಂದರು. “ನಾನು ಡ್ರೈವರು. ಇವರನ್ನ ಕರ್ಕೊಂಡ್ ಬಂದೆ ಅಷ್ಟೇ.”

ಆ ಹೆಂಗಸು ಓ, ಸಾರಿ ಅಂದರು. ನನ್ನೊಬ್ಬಳದೇ ಫೋಟೊ ತೆಗೆದರು. ನಾನು ನಗುತ್ತಾ ನಿಂತಿದ್ದೆ. ಕಾರಿನ ಹತ್ತಿರ ಬಂದಾಗ ಆ ಹೆಂಗಸು ಇನ್ನೂ ನೋಡುತ್ತಿದ್ದರು, ಹಾಗಾಗಿ ಅಪ್ಪ ಹಿಂದಿನ ಬಾಗಿಲು ತೆಗೆದು ಹಿಡಿದರು. ನಾನು ಹಿಂದೆ ಕೂತೆ.

“ಎಲ್ಲಿಗ್ ಹೋಗ್ಬೇಕು ಮೇಡಂ?” ಅಂದರು ಅಪ್ಪ, ನನ್ನನ್ನು ನಗಿಸಲು.

“ಮನೆಗೆ ಅಪ್ಪ,” ಅಂದೆ. ಅಪ್ಪ ಅನ್ನುವ ಆ ಒಂದು ಮಾತನ್ನು ಅಲ್ಲಿ, ಆ ಹೆಂಗಸಿನ ಮುಂದೆ ಹೇಳಬೇಕಿತ್ತು. ಇಲ್ಲಿ ಕಾರಿನ ಗಾಜೆಲ್ಲ ಏರಿಸಿತ್ತು, ಕೇಳಿಸಿದ್ದು ಅಪ್ಪನಿಗೆ ಮಾತ್ರ. ಅವರು ಒಮ್ಮೆ ತಿರುಗಿ ನೋಡಿ, ಗಾಡಿ ಹೊರಡಿಸಿದರು.